ಗೋಡೆಬದಿಯ ಟೈಪ್ ಮಶೀನು

ದೆವ್ವ, ಗಾಳಿ ಎಂದರೆ ನಗುತ್ತಿದ್ದವಳು ನಾನು. ಹರಿಯ ಮೇಲೆ ಭಾರ ಹಾಕಿದವರಿಗೆ ಗಾಳಿಯ ಭಯವೇಕೆ ಎನ್ನುವುದು ನನ್ನ ವಾದ. ಅದಕ್ಕೇ ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ನೆನೆದರೆ ಈಗಲೂ ಹೆದರಿಕೆಗಿಂತ ಹೇಸಿಗೆಯೇ ಹೆಚ್ಚು.

ಎಪ್ಪತ್ತರ ದಶಕದ ಹೊಸಪೇಟೆ. ಟೈಪಿಂಗ್ ಪರೀಕ್ಷೆ ಪಾಸಾದರೆ ಕಾಲುವೆ ಕಚೇರಿಯಲ್ಲಿ ಕೆಲಸ, ಇಲ್ಲದಿದ್ದರೆ ವೈಶಾಖದಲ್ಲಿ ಮದುವೆ ಎಂದು ಅಪ್ಪ ಹೇಳಿದ್ದರು. ನನಗೆ ಕೆಲಸ ಬೇಕಿತ್ತು. ಗೆಳತಿ ಶಾರದೆಯ ಜೊತೆ ಟೈಪಿಂಗ್ ಕ್ಲಾಸಿನ ಬೆಳಗಿನ ಆರರ ಬ್ಯಾಚಿಗೆ ಸೇರಿದೆ. ಗೋಡೆಬದಿಯ ಮಶೀನು ನನ್ನ ಪಾಲಿಗೆ ಬಂತು.

ಮೊದಲ ದಿನ ಮಾಸ್ತರರು ನಮ್ಮೆದುರಿಗೇ ಕ್ಲಾಸಿನ ಬೀಗ ತೆಗೆದರು. ಮಶೀನಿನ ಮುಸುಕು ಎತ್ತಿದರೆ, ಬೆರಳು ಊರುವ ನಡುಸಾಲಿನ ಎಂಟು ಗುಂಡಿಗಳು ಮಾತ್ರ ಮಿರಮಿರ ಮಿರುಗುತ್ತಿದ್ದವು. ಮುಟ್ಟಿದೆ. ಬೆಚ್ಚಗಿನ ಜಿಗುಟು ಪಸೆ, ಯಾರೋ ಆಗಷ್ಟೇ ಬೆವೆತ ಕೈ ತೆಗೆದಂತೆ. ಹಳಸಿದ ಅನ್ನದ ವಾಸನೆ. ಒರೆಸಿದೆ. ಮರುದಿನವೂ ಅದೇ. ಬೇರೆ ಮಶೀನು ಖಾಲಿ ಇರಲಿಲ್ಲ.

ನಾಲ್ಕನೆಯ ದಿನ ಮನೆಯಿಂದ ತೀರ್ಥ ಒಯ್ದು ಪ್ರೋಕ್ಷಿಸಿಬಿಟ್ಟೆ. ಮಾಸ್ತರರು ಕೆಂಡವಾದರು.

“ಏನವ್ವಾ, ಇದನ್ನ ಸಾಲಿಗ್ರಾಮ ಅಂತ ತಿಳಕೊಂಡಿಯೇನು? ತುಕ್ಕು ಹಿಡದ್ರ?”

“ಒದ್ದಿ ಅದರೀ ಸರ್, ಮುಟ್ಟಿ ನೋಡ್ರಿ.”

“ನೀನೇ ನೀರು ಹಾಕಿ, ನೀನೇ ಒದ್ದಿ ಅಂತೀಯಲ್ಲ!”

“ಈಕಿಗೊಂದು ಮಡಿ ಮಶೀನು ತರಸ್ರಿ ಸರ್,” ಎಂದಳು ಶಾರದೆ. ಬ್ಯಾಚೆಲ್ಲ ನಕ್ಕಿತು.

ಮರುದಿನ ಒಣ ಬಟ್ಟೆಯಿಂದ ಉಜ್ಜಿ, ಒಣಗಿದ್ದನ್ನು ಶಾರದೆಗೆ ತೋರಿಸಿ ಬೆರಳಿಟ್ಟೆ. ನೋಡುತ್ತಿದ್ದಂತೆಯೇ ಕೆಳಗಿಂದ ಪಸೆ ಒಸರಿ ಉಗುರುಸಂದಿಗೆ ಇಳಿಯಿತು. ಬಚ್ಚಲಿಗೆ ಓಡಿ ವಾಂತಿ ಮಾಡಿದೆ. ಸೀಗೆಪುಡಿ, ಹುಣಸೆಹಣ್ಣು ಹಚ್ಚಿ ತಿಕ್ಕಿದರೂ ವಾಸನೆ ಬಿಡಲಿಲ್ಲ. ಮೂರು ದಿನ ಆ ಕೈಯಿಂದ ಅನ್ನ ಕಲೆಸಲು ಮನಸ್ಸಾಗಲಿಲ್ಲ. ಏನೂ ಕೇಳದೆ ಅಮ್ಮ ತುತ್ತಿಟ್ಟಳು. ಅದೊಂದು ದೇವರ ದಯೆ.

ಕ್ಲಾಸು ಬಿಟ್ಟೆ. ವೈಶಾಖದಲ್ಲಿ ಮದುವೆಯಾಯಿತು. ಕೈ ಎತ್ತದ ಗಂಡ, ಗಟ್ಟಿಮುಟ್ಟಾದ ಮಕ್ಕಳು, ಅಂಗಳದಲ್ಲೇ ನಲ್ಲಿ. ಕೊರಗುವಂಥದ್ದೇನೂ ಇಲ್ಲ.

ನನ್ನ ಮಶೀನಿನ ಗುಂಡಿ ಒತ್ತಲು ತನ್ನದಕ್ಕಿಂತ ಹಗುರವೆಂದು ಶಾರದೆ ಅದರ ಮುಂದೆಯೇ ಕೂತು ಕಲಿತು ಪಾಸಾದಳು. ಆ ಕೆಲಸವೂ ಅವಳದಾಯಿತು. ಒಮ್ಮೆ ಧೈರ್ಯ ಮಾಡಿ ಆ ಪಸೆಯ ಬಗ್ಗೆ ಕೇಳಿದೆ.

“ಒಂದಿನಾನೂ ಒದ್ದಿ ಇರಲಿಲ್ಲಲೇ,” ಎಂದಳು. “ಅವತ್ತು ಒಸರಿದ್ದು ನಿನ್ನ ಬೆರಳು. ನಾ ಕಣ್ಣಾರೆ ನೋಡೀನಿ. ಭಾಳ ಹೇಸಿಗಿ ಬಂದಿತ್ತು, ಹೇಳಲಿಲ್ಲ.”

ಇರಬಹುದು. ಆದರೆ ಮೊದಲ ದಿನ, ನಾನು ಮುಟ್ಟುವ ಮುಂಚೆಯೇ ಆ ಗುಂಡಿಗಳು ಮಿರುಗುತ್ತಿದ್ದವಲ್ಲ?