ಒಬ್ಬರ ಗುಡಾರ

ಮಧುಗಿರಿ ಬಸ್ ನಿಲ್ದಾಣದೆದುರಿನ ದರ್ಜಿ ನನ್ನ ಪ್ರಯಾಣವನ್ನೇ ಕೆಡಿಸಿದ್ದಾನೆ. ಬೆಟ್ಟದ ಮೇಲೆ ಬಯಲಲ್ಲಿ ಮಲಗಲು, ಒಬ್ಬನಿಗಷ್ಟೇ ಸಾಲುವ ಹಗುರವಾದ ಗುಡಾರ ಹೊಲಿಯಲೆಂದು ಛತ್ರಿ ಬಟ್ಟೆ ಕೊಟ್ಟು ಹೋಗಿದ್ದೆ. ಇಂದು ಬಂದು ನೋಡಿದರೆ, ಅಕ್ಕಪಕ್ಕ ತನ್ನದೇ ದಪ್ಪ ಬಟ್ಟೆ ಸೇರಿಸಿ ಮೂವರಿಗಾಗುವಂತೆ ಹೊಲಿದಿಟ್ಟಿದ್ದಾನೆ! ಹೊತ್ತರೆ ಹೆಗಲು ಜಗ್ಗುತ್ತದೆ.

“ಯಾರಯ್ಯಾ ನಿನ್ನ ಕೇಳಿದ್ದು?” ಎಂದು ರೇಗಿದೆ.

ಬೆಲ್‌ಬಾಟಮ್ ಪ್ಯಾಂಟಿಗೆ ಅಂಚು ಹೊಲಿಯುತ್ತಿದ್ದವನು ನನಗಿಂತ ಜೋರಾಗಿ ರೇಗಿದ: “ಅಲ್ಲಾ ಸ್ವಾಮಿ, ಮಳೆ ಹುಯ್ದು ಕುರಿ ಕಾಯೋರು ಓಡ್ಬಂದ್ರೆ, ಅವ್ರನ್ನ ಆಚೆ ನಿಲ್ಲಿಸ್ಬುಟ್ಟು ನೀವೊಬ್ರೇ ಒಳಗ್ ಮಲಗ್ತೀರಾ?”

“ನನ್ನ ಅಳತೆಗೆ ಕತ್ತರಿಸು” ಎಂದೆ.

ಅವನು ಗುಡಾರವನ್ನು ನೆಲಕ್ಕೆ ಹಾಸಿ, ಸೀಮೆಸುಣ್ಣ ನನ್ನ ಕೈಗಿಟ್ಟ. “ಎಲ್ಲಿಗ್ ಕತ್ತರಿಸ್ಲಿ? ನೀವೇ ಗೆರೆ ಎಳೀರಿ.”

ಗೆರೆ ಇನ್ನೂ ಎಳೆದಿಲ್ಲ; ಅವನ ಅಂಗಡಿಯಲ್ಲೇ ಕೂತು, ಎಡಗೈಯಲ್ಲಿ ಸೀಮೆಸುಣ್ಣ ಹಿಡಿದುಕೊಂಡೇ ದಿನಚರಿಯಲ್ಲಿ ಇದನ್ನು ಬರೆಯುತ್ತಿದ್ದೇನೆ.