ಅತ್ತೆಯ ಎಡಗಾಲಿನ ಚೀಲ

ಅಟ್ಟದ ಬಾಗಿಲು ಎಳೆದ ಗಂಡನ ತಲೆಯ ಮೇಲೆ ಉಲ್ಲನ್ ಉಂಡೆಗಳು ದಬದಬನೆ ಸುರಿದಾಗ ಅವನು ಏಣಿಯ ಮೇಲೆಯೇ ಕಲ್ಲಾಗಿ ನಿಂತುಬಿಟ್ಟ. ಅವನು ಹತ್ತಿದ್ದು ಹಳೆಯ ಫ್ಯಾನು ಹುಡುಕಲು. ಲಿಫ್ಟ್ ರಿಪೇರಿಯವನು ಅವನು, ಎತ್ತರದ ಕಟ್ಟಡಗಳ ಹೊಟ್ಟೆಯೊಳಗೆ ಜೋತುಬಿದ್ದು ದುಡಿಯುವ ಗಂಡಸು, ಸುಲಭಕ್ಕೆ ಬೆಚ್ಚುವ ಪೈಕಿಯಲ್ಲ. ಅಂದು ಬೆಚ್ಚಿದ. ಕೆಳಗೆ ಏಣಿ ಹಿಡಿದುಕೊಂಡಿದ್ದ ಹೆಂಡತಿ ಮಾತ್ರ, ಇವೆಲ್ಲ ಹಳೇವು, ಮೊದಲೇ ಇದ್ದವು ಎಂದು ಮೇಲೆ ನೋಡದೆಯೇ ಹೇಳಿದಳು. ಯಾವಾಗ ಕೇಳಿದರೂ ಅವಳ ಉಲ್ಲನ್ ಎಲ್ಲ ಹಳೆಯದೇ. ಹೊಸದನ್ನು ಅವಳು ತಂದದ್ದನ್ನು ಈ ಭೂಮಿಯ ಮೇಲೆ ಯಾರೂ ಕಂಡವರಿಲ್ಲ.

ಅಂಗಡಿಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಉಲ್ಲನಕ್ಕ ಎಂದೇ. ಅಂಗಡಿ ಎಂದರೆ ಬಸ್ ನಿಲ್ದಾಣದ ಎದುರಿನ ಬೂಟು ಚಪ್ಪಲಿ ಅಂಗಡಿ. ಅಲ್ಲಿ ಅವಳ ಕೆಲಸ ಗಿರಾಕಿಗಳ ಪಾದವನ್ನು ಅಳತೆಯ ತಗಡಿನ ಮೇಲಿಟ್ಟು ನೋಡಿ, ಹಿಂದಿನ ಕಪಾಟಿನಿಂದ ಡಬ್ಬ ಇಳಿಸಿಕೊಡುವುದು. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ನೊಣ ಹೊಡೆಯುವ ಬದಲು ಏನಾದರೂ ಮಾಡೋಣವೆಂದು ಪಕ್ಕದ ಕೌಂಟರಿನವಳಿಂದ ಕಾಲುಚೀಲ ಹೆಣೆಯುವುದನ್ನು ಕಲಿತಳು. ಕಲಿತದ್ದೇ ತಡ, ಹುಚ್ಚು ಹಿಡಿಯಿತು. ಸ್ವೆಟರ್ ಇಲ್ಲ, ಟೋಪಿ ಇಲ್ಲ, ಬರೀ ಕಾಲುಚೀಲ. ಅದೂ ಒಂದು ಕಾಲಿನದು ಮುಗಿಯುವಷ್ಟರಲ್ಲಿ ಮನಸ್ಸು ಇನ್ನೊಂದು ಬಣ್ಣಕ್ಕೆ ಹಾರಿರುತ್ತಿತ್ತು. ಜೊತೆ ಕಾಣದ ಒಂಟಿ ಕಾಲುಚೀಲಗಳೇ ಒಂದು ಡ್ರಾಯರ್ ತುಂಬಿದ್ದವು. ಉಲ್ಲನ್ ಇಡಲು ಜಾಗ ಸಾಲದೆ ಸೂಟ್‌ಕೇಸು ತುಂಬಿತು, ದೊಡ್ಡ ಕುಕ್ಕರಿನ ಒಳಗೂ ಎರಡು ಉಂಡೆ ಸೇರಿಕೊಂಡವು. ಗಂಡನಿಗೆ ಗೊತ್ತಾಗಬಾರದೆಂದು ಇಷ್ಟೆಲ್ಲ. ಅವನಿಗೋ ಅಟ್ಟದ್ದೊಂದು ಬಿಟ್ಟು ಎಲ್ಲ ಗೊತ್ತಿತ್ತು. ಕುಕ್ಕರಿನ ಮುಚ್ಚಳ ತೆಗೆಯುವ ಮುಂಚೆ, ಒಳಗಿರೋದು ಬೇಯಿಸೋದಾ ಹೆಣೆಯೋದಾ ಎಂದು ಕೇಳುವಷ್ಟು ಗೊತ್ತಿತ್ತು.

ಅವಳ ಹೆಣಿಗೆಗೆ ಒಂದು ಕ್ರಮವಿತ್ತು. ಅಂಗಡಿಯ ಡಬ್ಬಗಳ ದಪ್ಪ ರಟ್ಟನ್ನು ಕತ್ತರಿಸಿ, ಮನೆಯ ಪ್ರತಿಯೊಬ್ಬರ ಅಳತೆಗೂ ಪಾದದಿಂದ ಮೀನಖಂಡದವರೆಗೆ ಒಂದೊಂದು ರಟ್ಟಿನ ಕಾಲು ಮಾಡಿಕೊಂಡಿದ್ದಳು. ಹೆಣೆದದ್ದನ್ನು ಆ ರಟ್ಟಿಗೆ ತೊಡಿಸಿ ನೋಡುವುದು. ರಟ್ಟಿಗೆ ಸರಿಹೋಯಿತೆಂದರೆ ಕಾಲಿಗೂ ಸರಿ. ಯಾರನ್ನೂ ಕಾಲು ಕೊಡಿ ಎಂದು ಗೋಗರೆಯಬೇಕಿಲ್ಲ. ಈ ಉಪಾಯದ ಬಗ್ಗೆ ಅವಳಿಗೆ ಇಷ್ಟೇ ಇಷ್ಟು ಜಂಬ ಇತ್ತು ಎಂದರೆ ಸುಳ್ಳಾದೀತು. ಬೇಕಾದಷ್ಟಿತ್ತು.

ಇನ್ನು ಅತ್ತೆ. ಗಂಡನ ತಾಯಿ, ಬಹಳ ಕಾಲ ಒಂದು ಶಾಲೆಯ ಅಡುಗೆಮನೆಯನ್ನು ಒಬ್ಬರೇ ಆಳಿದವರು. ಮೊಸರಿನಲ್ಲಿ ಕಲ್ಲು ಹುಡುಕುವುದು ಎನ್ನುತ್ತಾರಲ್ಲ, ಅವರು ಹುಡುಕುವ ಗೋಜಿಗೇ ಹೋಗುತ್ತಿರಲಿಲ್ಲ, ಕಲ್ಲೇ ಬಂದು ಅವರ ಕೈಗೆ ಸಿಗುತ್ತಿತ್ತು. ಪರದೆ ಗಿಡ್ಡ, ನೀರು ಬಿಸಿ ಸಾಲದು, ಸೊಸೆ ಬಾಗಿಲು ಹಾಕುವ ಸದ್ದು ಜೋರು. ಆದರೆ ತಲೆನೋವು, ಕೈನೋವು ಎಂದು ಒಂದು ದಿನ ಮಲಗಿದವರಲ್ಲ. ತಮಗೆ ಏನಾದರೂ ಆದರೆ ದಿಂಬನ್ನು ಬೈಯುತ್ತಿದ್ದರು, ಕುರ್ಚಿಯನ್ನು ಬೈಯುತ್ತಿದ್ದರು. ಮೈ ಬಗ್ಗೆ ಮಾತಾಡುವುದೆಂದರೆ ಅವರಿಗೆ ನಾಚಿಕೆ. ಪಾದದವರೆಗೆ ಬರುವ ಉದ್ದನೆಯ ನಿಲುವಂಗಿ ತೊಟ್ಟು, ಕಾಲುಚೀಲವನ್ನೂ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡೇ ಹಾಕಿಕೊಳ್ಳುವವರು.

ಹೋದ ವರ್ಷ ಮೆಟ್ಟಿಲಲ್ಲಿ ಜಾರಿ ಮಂಡಿ ಉಳುಕಿದ ಮೇಲೆ ಅತ್ತೆ ಹೊರಗೆ ಹೋಗುವುದನ್ನು ಬಿಟ್ಟಿದ್ದರು. ಅದರ ಬದಲು ಕೋಣೆಯಿಂದ ಅಡುಗೆಮನೆಯವರೆಗಿನ ಉದ್ದನೆಯ ಓಣಿಯಂಥ ಜಾಗದಲ್ಲಿ ಗೋಡೆ ಹಿಡಿದುಕೊಂಡು ಬೆಳಿಗ್ಗೆ ಸಂಜೆ ಅಡ್ಡಾಡುತ್ತಿದ್ದರು. ಅಟ್ಟದ ಗುಟ್ಟು ರಟ್ಟಾದ ಮೇಲೆ ಉಲ್ಲನಕ್ಕನಿಗೆ ಮುಚ್ಚಿಡುವ ಕೆಲಸ ತಪ್ಪಿತಲ್ಲ, ಉಲ್ಲನ್ ತುಂಬಿದ ಬೂಟಿನ ಡಬ್ಬಗಳು ರಾಜಾರೋಷವಾಗಿ ಆ ಗೋಡೆಯ ಉದ್ದಕ್ಕೂ ಪೇರಿಸಿಕೊಂಡು ನಿಂತವು. ಮೊದಲು ಒಂದು ಸಾಲು, ಆಮೇಲೆ ಅದರ ಮುಂದೊಂದು ಸಾಲು. ಓಡಾಡೋಕೆ ದಾರಿ ಇಲ್ಲ ಎಂದು ಅತ್ತೆ ಗೊಣಗಿದರು. ಉಲ್ಲನಕ್ಕ ನಕ್ಕಳು. ಅತ್ತೆ ಗೊಣಗದ ದಿನ ಸೂರ್ಯ ಎಲ್ಲಿ ಹುಟ್ಟುತ್ತಾನೋ ನೋಡಬೇಕು ಎಂದು ಗಂಡನ ಹತ್ತಿರ ಹೇಳಿಯೂ ಹೇಳಿದಳು.

ಕೆಲವು ವಾರ ಕಳೆದ ಮೇಲೆ ಅತ್ತೆ ಗೊಣಗುವುದನ್ನೇ ಬಿಟ್ಟರು, ಅಡ್ಡಾಡುವುದನ್ನೂ. ಕಿಟಕಿಯ ಪಕ್ಕದ ಕುರ್ಚಿ ಹಿಡಿದು ಕೂತರು. ಒಂದು ದಿನ ಉಲ್ಲನಕ್ಕ ಉಲ್ಲನ್ ಎಳೆಯ ಹೊಸ ಲಡಿಯೊಂದನ್ನು ಇನ್ನೊಂದು ಕುರ್ಚಿಯ ಬೆನ್ನಿಗೆ ಸಿಕ್ಕಿಸಿ ಉಂಡೆ ಸುತ್ತಲು ಹೆಣಗುತ್ತಿದ್ದಾಗ, ಇಲ್ಲಿ ಕೊಡು ಎಂದು ತಾವಾಗಿಯೇ ಎರಡೂ ಕೈ ಮುಂದೆ ಚಾಚಿದರು. ಅವಳು ಬೆರಗಾದಳು. ಅತ್ತೆಯ ಎರಡು ಕೈಗಳ ನಡುವೆ ಲಡಿ, ಎದುರಿಗೆ ಮಣೆಯ ಮೇಲೆ ಕೂತು ಸುತ್ತುವ ಸೊಸೆ. ಅಂದಿನಿಂದ ಅದೇ ರೂಢಿಯಾಯಿತು. ಗಂಟೆಗಟ್ಟಲೆ ಕೂರುತ್ತಿದ್ದರು. ಶಾಲೆಯ ಅಡುಗೆಮನೆಯಲ್ಲಿ ಹಾಲಿಗೆ ನೀರು ಬೆರೆಸಿ ಸಿಕ್ಕಿಬಿದ್ದವನನ್ನು ಅದೇ ಹಾಲು ಪೂರ್ತಿ ಕುಡಿಸಿ ಕಳಿಸಿದ ಕತೆಯನ್ನು ಅತ್ತೆ ಹೇಳಿದಾಗ ಅವಳು ನಕ್ಕು ನಕ್ಕು ಉಂಡೆ ಕೈಬಿಟ್ಟಳು. ಮದುವೆಯಾಗಿ ಇಷ್ಟು ವರ್ಷಕ್ಕೆ ಇಬ್ಬರೂ ಹೀಗೆ ಎದುರು ಬದುರು ಕೂತು ನಕ್ಕಿದ್ದು ಅದೇ ಮೊದಲು. ಅತ್ತೆ ಈಗ ನನ್ನ ಪಾಲಿಗೆ ಹಾಲು ಜೇನು ಎಂದು ಅಂಗಡಿಯಲ್ಲಿ ಸಾರಿಕೊಂಡು ಬಂದಳು. ಅವಳಿಗಾದ ಸಂತೋಷ ಸುಳ್ಳಲ್ಲ.

ಆ ಸಂತೋಷದಲ್ಲೇ ಅತ್ತೆಗೆಂದು ಬೂದು ಬಣ್ಣದ ಒಳ್ಳೆಯ ನೂಲಿನಲ್ಲಿ ಒಂದು ಜೊತೆ ಹೆಣೆದಳು. ಜೊತೆ ಎಂದರೆ ಜೊತೆ, ಎರಡೂ ಕಾಲಿನದು. ಅತ್ತೆ ಕೋಣೆಯಲ್ಲಿ ಹಾಕಿ ನೋಡಿ, ಬಿಚ್ಚಿ ಕೈಯಲ್ಲಿ ಹಿಡಿದು ಹೊರಗೆ ಬಂದು, ಬಲಗಾಲಿನದು ಸರಿ, ಎಡಗಾಲಿನದು ಬಿಗಿ ಎಂದರು. ಉಲ್ಲನಕ್ಕ ಅದನ್ನು ಇಸಿದುಕೊಂಡು ರಟ್ಟಿನ ಕಾಲಿಗೆ ತೊಡಿಸಿ ಅತ್ತೆಯ ಮುಖದ ಮುಂದೆ ಹಿಡಿದಳು. ಒಂದು ಸುಕ್ಕಿಲ್ಲದೆ ಕೂತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಮನಸ್ಸಿನಲ್ಲೇ ಅಂದುಕೊಂಡಳು. ಹಳೇ ಚಾಳಿ ಎಲ್ಲಿ ಹೋದೀತು ಎಂದೂ ಅಂದುಕೊಂಡಳು. ಆದರೂ ಮಾತಿಗೆ ಒಂದು ಸಲ, ಕಾಲೇನಾದರೂ ಊದಿದೆಯಾ ಎಂದು ಕೇಳಿದಳು. ಕೂತೂ ಕೂತೂ ಸ್ವಲ್ಪ ಇರಬಹುದು ಎಂದರು ಅತ್ತೆ. ಅಂಗಡಿಗೆ ಬರುವವರಿಗೆಲ್ಲ ಅವಳು ದಿನವೂ ಹೇಳುವ ಮಾತು ಸಿದ್ಧವಾಗಿತ್ತು: ಸಂಜೆಯ ಹೊತ್ತು ಎಲ್ಲರ ಕಾಲೂ ಸ್ವಲ್ಪ ಊದಿರುತ್ತದೆ, ಅದೇನೂ ಅಲ್ಲ. ಅತ್ತೆಗೂ ಅದನ್ನೇ ಹೇಳಿದಳು.

ಎಡಗಾಲಿನದನ್ನು ಪೂರ್ತಿ ಬಿಚ್ಚಿ, ಸ್ವಲ್ಪ ಸಡಿಲವಾಗಿ ಮತ್ತೆ ಹೆಣೆದಳು. ಬಿಗಿ ಎಂದರು. ಸಿಟ್ಟು ಬಂತು, ನುಂಗಿಕೊಂಡಳು. ಒಂದೊಂದು ಸುತ್ತಿಗೂ ಹೆಣಿಗೆಯ ಆರು ಕುಣಿಕೆ ಹೆಚ್ಚು ಹಾಕಿ ಹೆಣೆದಳು. ಆಗಲೂ ಬಿಗಿ. ಈಗ ಇದು ಕಾಲುಚೀಲದ ಮಾತಲ್ಲ, ಹಟದ ಮಾತಾಯಿತು. ನೋಡೇ ಬಿಡೋಣ ಎಂದು ಮತ್ತೆ ಆರು ಕುಣಿಕೆ ಸೇರಿಸಿ, ಹಿಮ್ಮಡಿ ಅಗಲ ಮಾಡಿ, ಬಾಯಿ ಸಡಿಲ ಬಿಟ್ಟು ಹೆಣೆದು ಕೊಟ್ಟಳು. ಅತ್ತೆ ಕೋಣೆಗೆ ಹೋಗಿ ಬಹಳ ಹೊತ್ತಿನ ಮೇಲೆ ಹೊರಗೆ ಬಂದು, ಈಗ ಸರಿಯಾಗಿದೆ ಎಂದರು. ಉಲ್ಲನಕ್ಕನಿಗೆ ಗೆದ್ದೆ ಎನಿಸಿತು. ಗಂಡ ಮನೆಗೆ ಬಂದ ಕೂಡಲೇ, ನಿಮ್ಮಮ್ಮ ನನ್ನ ಕೈಕೆಲಸ ಸರಿಯಾಗಿದೆ ಅಂದರು ಗೊತ್ತಾ ಎಂದು ಬೀಗಿದಳು. ಅವನು ನಂಬಲಿಲ್ಲ. ಅಮ್ಮನ ಬಾಯಲ್ಲಿ ಆ ಮಾತನ್ನು ಅವನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

ಅದಾಗಿ ಕೆಲವೇ ದಿನ. ಅಂಗಡಿಗೆ ರಜೆ, ಗಂಡನೂ ಮನೆಯಲ್ಲಿದ್ದ. ಬೆಳಿಗ್ಗೆ ಅತ್ತೆ ಲಡಿ ಹಿಡಿದು ಕೂತಿದ್ದರು, ಅವಳು ಉಂಡೆ ಸುತ್ತುತ್ತಿದ್ದಳು. ಇದ್ದಕ್ಕಿದ್ದಂತೆ ಅತ್ತೆಯ ಕೈಗಳು ಕೆಳಗೆ ಬಿದ್ದವು, ಲಡಿ ಜಾರಿ ನೆಲದ ಮೇಲೆ ಗೋಜಲಾಯಿತು. ಅವಳ ಬಾಯಿಂದ ಮೊದಲು ಬಂದ ಮಾತು, ಅಯ್ಯೋ ಅತ್ತೆ, ಲಡಿ! ಎಂದು. ಆ ಮಾತನ್ನು ನೆನೆಸಿಕೊಂಡರೆ ಇಂದಿಗೂ ಅವಳಿಗೆ ತನ್ನ ನಾಲಿಗೆಯನ್ನು ತಾನೇ ಕಿತ್ತುಕೊಳ್ಳಬೇಕೆನಿಸುತ್ತದೆ. ತಲೆ ಎತ್ತಿ ನೋಡಿದರೆ ಅತ್ತೆಯ ತುಟಿ ನೀಲಿಯಾಗಿತ್ತು. ಎದೆಯನ್ನು ಹಿಡಿದುಕೊಂಡು ಉಸಿರಿಗಾಗಿ ಬಾಯಿ ತೆರೆಯುತ್ತಿದ್ದರು. ಉಸಿರು ಒಳಗೆ ಹೋಗುತ್ತಿರಲಿಲ್ಲ.

ಗಂಡ ಅಮ್ಮನನ್ನು ಎತ್ತಿಕೊಂಡು ಓಡಿದ. ಓಡಿದ ಎಂದೆ, ಓಡಲು ದಾರಿಯೆಲ್ಲಿತ್ತು? ಡಬ್ಬಗಳಿಗೆ ಕಾಲು ತಾಗಿ ಎರಡು ಸಲ ಮುಗ್ಗರಿಸಿದ. ಒದ್ದು ಒದ್ದು ದಾರಿ ಮಾಡಿಕೊಂಡ. ಉಂಡೆಗಳು ಮನೆಯ ತುಂಬ ಉರುಳಿದವು.

ಆಸ್ಪತ್ರೆಯಲ್ಲಿ ಆಮ್ಲಜನಕ ಹಚ್ಚಿ, ಸೂಜಿ ಚುಚ್ಚಿ, ಪರದೆ ಎಳೆದರು. ಸ್ವಲ್ಪ ಹೊತ್ತಿಗೆ ಡಾಕ್ಟರಮ್ಮ ಹೊರಗೆ ಬಂದರು. ಅವರ ಕೈಯಲ್ಲಿ ಬೂದು ಬಣ್ಣದ ಎರಡು ಕಾಲುಚೀಲಗಳಿದ್ದವು. ಬಲಗಾಲಿನದು ಸಣ್ಣದಾಗಿ ಅಚ್ಚುಕಟ್ಟಾಗಿತ್ತು. ಎಡಗಾಲಿನದರೊಳಗೆ ಅದನ್ನು ಇಟ್ಟರೂ ಇನ್ನೂ ಜಾಗ ಉಳಿಯುವಂತಿತ್ತು.

"ಇವೆರಡೂ ಒಂದೇ ಜೊತೆನಾ?" ಡಾಕ್ಟರಮ್ಮ ಕೇಳಿದರು.

ಗಂಡ ಅವನ್ನೇ ಮಿಕಿಮಿಕಿ ನೋಡಿದ. ಉಲ್ಲನಕ್ಕ ಹೌದು ಎಂದಳು. ಹಾಗಾದರೆ ಒಂದು ಯಾಕೆ ಇಷ್ಟು ದೊಡ್ಡದು ಎಂದು ಡಾಕ್ಟರಮ್ಮ ಕೇಳಿದರು.

"ಎಡಗಾಲಿಗೆ ಬಿಗಿ ಆಗತ್ತೆ ಅಂದ್ರು. ಅದಕ್ಕೆ ನಾನು ಹನ್ನೆರಡು ಕುಣಿಕೆ ಜಾಸ್ತಿ..."

ಅಷ್ಟು ಹೇಳಿದವಳಿಗೆ ತನ್ನ ಮಾತು ತನ್ನ ಕಿವಿಗೇ ಕೇಳಿಸಿತು. ಗೋಡೆ ಹಿಡಿದುಕೊಂಡಳು. ದಿನಾ ಊರಿನವರ ಕಾಲು ಅಳೆಯುವವಳು ಅವಳು. ಒಬ್ಬರದೇ ಎರಡು ಕಾಲು ಇಷ್ಟು ಬೇರೆಯಾಗುವುದಿಲ್ಲ ಎಂದು ಅವಳಿಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು? ಅತ್ತೆಯ ಕಾಲು ಊದುತ್ತಾ ಹೋದ ಹಾಗೆಲ್ಲ ಅವಳು ಕುಣಿಕೆ ಎಣಿಸಿ ಎಣಿಸಿ ಅದಕ್ಕೆ ಜಾಗ ಮಾಡಿಕೊಟ್ಟಿದ್ದಳು. ಒಮ್ಮೆಯೂ ಆ ನಿಲುವಂಗಿಯ ಅಂಚನ್ನು ಎತ್ತಿ ನೋಡಿರಲಿಲ್ಲ. ರಟ್ಟನ್ನು ನಂಬಿದ್ದಳು.

ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ, ಅದರ ಒಂದು ಚೂರು ಶ್ವಾಸಕೋಶಕ್ಕೆ ಹೋಗಿ ಕೂತಿದೆ ಎಂದು ಡಾಕ್ಟರಮ್ಮ ಹೇಳಿದರು. ಉಳಿಯುತ್ತಾರೆ ಎಂದು ಈಗಲೇ ಹೇಳಲಾರೆ ಎಂದರು. ಆಮೇಲೆ ಕೇಳಿದರು, ಇತ್ತೀಚೆಗೆ ಓಡಾಟ ನಿಲ್ಲಿಸಿದ್ದರಾ, ತುಂಬ ಹೊತ್ತು ಒಂದೇ ಕಡೆ ಕೂರುತ್ತಿದ್ದರಾ? ಗಂಡ ಇಲ್ಲ ಎನ್ನಲು ಬಾಯಿ ತೆರೆದ. ಉಲ್ಲನಕ್ಕ ಅವನಿಗಿಂತ ಮುಂಚೆ ಹೌದು ಎಂದಳು. ದಾರಿಗೆ ಡಬ್ಬ ಪೇರಿಸಿದ್ದು ನಾನು, ಹಿಡಿದುಕೊಳ್ಳಲು ಗೋಡೆ ಇಲ್ಲದಂತೆ ಮಾಡಿದ್ದು ನಾನು, ಕೂರಿಸಿಕೊಂಡಿದ್ದೂ ನಾನೇ ಎಂದು ಒಂದೂ ಬಿಡದೆ ಹೇಳಿದಳು. ಗಂಡ ಅವಳನ್ನು ಹೊಸಬಳೆಂಬಂತೆ ನೋಡಿದ. ಬೈಯಲಿಲ್ಲ. ಎದ್ದು ಹೋಗಿ ದೂರದ ಬೆಂಚಿನಲ್ಲಿ ಕೂತ. ಬೈದಿದ್ದರೆ ಅವಳಿಗೆ ಎಷ್ಟೋ ವಾಸಿಯಿತ್ತು.

ಅತ್ತೆ ಉಳಿದರು. ಸಾವಿನ ಬಾಗಿಲು ತಟ್ಟಿ ಬಂದರು ಎನ್ನುತ್ತಾರಲ್ಲ, ಹಾಗೆ. ಮುಖವಾಡದಂಥ ಆಮ್ಲಜನಕದ ಬಟ್ಟಲು ತೆಗೆದು ವಾರ್ಡಿಗೆ ತಂದ ದಿನ ಗಂಡ ಔಷಧಿ ತರಲು ಕೆಳಗೆ ಹೋಗಿದ್ದ. ಉಲ್ಲನಕ್ಕ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಳು, ಬರಿಗೈಯಲ್ಲಿ. ಏನು ಮಾಡಬೇಕೆಂದು ಆ ಕೈಗಳಿಗೆ ತೋಚುತ್ತಿರಲಿಲ್ಲ. ಬಹಳ ಹೊತ್ತು ತಡೆದುಕೊಂಡಿದ್ದ ಪ್ರಶ್ನೆ ಕೊನೆಗೂ ಹೊರಗೆ ಬಂತು.

"ಯಾಕೆ ಅತ್ತೆ ಸುಳ್ಳು ಹೇಳಿದ್ರಿ? ಸರಿಯಾಗಿದೆ ಅಂದ್ರಲ್ಲ."

ಅತ್ತೆ ಚಾವಣಿ ನೋಡುತ್ತಾ ಮಲಗಿದ್ದರು. ಧ್ವನಿ ಸಣ್ಣದಾಗಿತ್ತು.

"ಮೊದಲು ನಿಜಾನೇ ಹೇಳಿದೆ ಕಣೆ. ನೀನು ಬಿಚ್ಚಿದೆ. ಮತ್ತೆ ಹೇಳಿದೆ, ಮತ್ತೆ ಬಿಚ್ಚಿದೆ. ಇಡೀ ದಿನ ಅಂಗಡೀಲಿ ನಿಂತು ಬಂದು ನನಗೋಸ್ಕರ ಕೂತು ಹೆಣೀತಿದ್ದೆ." ಸ್ವಲ್ಪ ಉಸಿರು ತೆಗೆದುಕೊಂಡರು. "ಕೊನೇ ಸಲ ಹಾಕ್ಕೊಂಡಾಗಲೂ ಬಿಗೀನೇ ಇತ್ತು. ಇವಳಿಗೆ ಎಷ್ಟು ಅಂತ ಕಾಟ ಕೊಡ್ಲಿ ಅನ್ನಿಸ್ತು. ನಾವಿಬ್ಬರೂ ಈಗ ತಾನೇ ಚೆನ್ನಾಗಿದ್ವಿ."

ಜನ್ಮವಿಡೀ ಎಲ್ಲದರಲ್ಲೂ ತಪ್ಪು ಹುಡುಕಿದ ಹೆಂಗಸು ಒಂದೇ ಒಂದು ಸಲ ನಾಲಿಗೆ ಕಚ್ಚಿಕೊಂಡಿದ್ದರು. ಅದೂ ಸೊಸೆಯ ಮೇಲಿನ ಪ್ರೀತಿಗೆ. ಆ ಪ್ರೀತಿ ಅವರ ಪ್ರಾಣಕ್ಕೇ ಬಂದಿತ್ತು. ಅವಳು ಬಾಯಿಗೆ ಸೆರಗು ಒತ್ತಿ ಹಿಡಿದು ಅತ್ತಳು. ಪಕ್ಕದ ಮಂಚದವರು ಇತ್ತ ತಿರುಗಿ ನೋಡಿದರು. ನೋಡಲಿ ಎಂದು ಅತ್ತಳು.

"ನಿಮ್ಮ ದಮ್ಮಯ್ಯ ಅತ್ತೆ," ಎಂದಳು ಕೊನೆಗೆ, "ಇನ್ಮೇಲೆ ನನ್ನ ಜೊತೆ ಚೆನ್ನಾಗಿರಬೇಡಿ. ಮೊದಲಿನ ಹಾಗೇ ಬೈರಿ."

ಅತ್ತೆ ಕಣ್ಣು ಮುಚ್ಚಿದರು. ನಿದ್ದೆ ಹತ್ತಿತೇನೋ ಎಂದು ಅವಳು ಹೊದಿಕೆ ಸರಿಮಾಡಲು ಎದ್ದಳು. ಅಷ್ಟರಲ್ಲಿ ಅತ್ತೆ ಕಣ್ಣು ಮುಚ್ಚಿಕೊಂಡೇ ಅವಳ ಮಣಿಕಟ್ಟು ಹಿಡಿದರು.

"ಕಾಲು ನೋಯ್ತಾ ಇದೆ," ಎಂದರು. "ತುಂಬಾ ನೋಯ್ತಾ ಇದೆ ಕಣೆ."

ಅವಳು ಹೊದಿಕೆಯನ್ನು ಮಂಡಿಯವರೆಗೆ ಸರಿಸಿದಳು. ಅತ್ತೆ ತಡೆಯಲಿಲ್ಲ. ಮೊದಲ ಬಾರಿಗೆ ಅವಳು ಆ ಕಾಲನ್ನು ನೋಡಿದಳು.