ಬೆಲ್ಲವಿಲ್ಲದ ನೀರು

ಕಳೆದ ವಾರದಿಂದ ನನ್ನ ಅಡುಗೆಮನೆಯಲ್ಲಿ ಒಂದು ವಾಸನೆ ಉಂಟು. ಕಕ್ಕಿಂಜೆಯಿಂದ ತಂದ ಓಲೆಬೆಲ್ಲದ ಕಟ್ಟು ಅದು. ಒಣಗಿದ ತಾಳೆಗರಿಯಲ್ಲಿ ಸುತ್ತಿ, ಅದೇ ಗರಿಯ ಸೀಳಿನಿಂದ ಬಿಗಿದದ್ದು. ಡಬ್ಬಿಯೊಳಗೆ ಹಾಕಿ ಮುಚ್ಚಿದರೂ ವಾಸನೆ ಒಳಗೆ ನಿಲ್ಲುವುದಿಲ್ಲ. ಸ್ವಲ್ಪ ಹೊಗೆ, ಸ್ವಲ್ಪ ಸುಣ್ಣ, ತಳ ಹಿಡಿಯುವ ಹೊತ್ತಿಗೆ ಇಳಿಸಿದ ಪಾಕದ ಕಹಿ ಅಂಚು. ಬೆಳಿಗ್ಗೆ ಕಾಫಿಗೆ ನೀರಿಡಲು ಹೋದರೆ ಮೊದಲು ಮೂಗಿಗೆ ತಾಗುವುದು ಅದೇ. ಆಗ ನಾನು ಮೂಡುಬಿದಿರೆಯ ಈ ಸಣ್ಣ ಮನೆಯಲ್ಲಿ ಇರುವುದಿಲ್ಲ. ಅಜ್ಜಿಯ ಮನೆಯ ಅಡುಗೆಕೋಣೆಯಲ್ಲಿ, ಮಸಿ ಹಿಡಿದ ತೊಲೆಯ ಕೆಳಗೆ, ಕೈಯಲ್ಲಿ ಬಾಳೆಲೆಯ ತುಂಡು ಹಿಡಿದು ನಿಂತಿರುತ್ತೇನೆ.

ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವ ಮಾರ್ಗ ಬಿಟ್ಟು ಗದ್ದೆಯ ಬದುವಿನ ಮೇಲೆ ನಡೆದರೆ ಆ ಮನೆ ಸಿಗುತ್ತಿತ್ತು. ನಮ್ಮದು ಅಳಿಯಸಂತಾನದ ಮನೆ. ಭೂಮಿ ಬಂದದ್ದು ಹೆಂಗಸರ ಮೂಲಕ, ಅಜ್ಜಿಯಿಂದ. ಯಜಮಾನಿಕೆ ನಡೆಸುತ್ತಿದ್ದವರು ಅಜ್ಜಿಯ ಮಗ, ನನ್ನ ದೊಡ್ಡಮಾವ. ಆ ಮನೆಯ ಮೆಟ್ಟಿಲು ಹತ್ತಿದವರಿಗೆ ಮೊದಲು ಕೊಡುತ್ತಿದ್ದದ್ದು ಬೆಲ್ಲ ಮತ್ತು ನೀರು. ಯಾರು, ಎಲ್ಲಿಂದ, ಯಾಕೆ ಬಂದದ್ದು ಎಂದು ಕೇಳುವುದು ಆಮೇಲೆ. ನಮ್ಮ ಊರಿನ ಎಲ್ಲ ಮನೆಗಳಲ್ಲೂ ಆ ಕ್ರಮ ಇತ್ತು, ಆದರೆ ನಮ್ಮಲ್ಲಿ ಅದು ಒಂದು ಹೆಮ್ಮೆಯಾಗಿತ್ತು. ಬೆಲ್ಲ ತಿಂದ ಮನೆಯ ಅಂಗಳದಲ್ಲಿ ಆ ದಿನ ಯಾರೂ ಜಗಳ ಎತ್ತುವುದಿಲ್ಲ. ಬರೀ ನೀರು ಕೊಟ್ಟ ಮನೆಗೆ ಇನ್ನೊಮ್ಮೆ ಹೋಗುವುದೂ ಇಲ್ಲ. ಬಾಯಿಬಿಟ್ಟು 'ಬರಬೇಡ' ಎನ್ನುವ ಬದಲು ಹಾಗೆ ಮಾಡುತ್ತಾರೆ ಎಂದು ದೊಡ್ಡವರು ಹೇಳುತ್ತಿದ್ದರು. ಬಾಳೆಲೆಯ ತುಂಡಿನಲ್ಲಿ ಬೆಲ್ಲ ಇಟ್ಟು ಚಾವಡಿಗೆ ಒಯ್ಯುವುದು ಮಕ್ಕಳ ಕೆಲಸ. ದಾರಿಯಲ್ಲಿ ಒಂದು ಚೂರು ನಮ್ಮ ಬಾಯಿಗೂ ಹೋಗುತ್ತಿತ್ತು.

ಆ ಬೆಲ್ಲ ತರುತ್ತಿದ್ದವರು ಅಣ್ಣು ಪೂಜಾರಿ. ಮನೆಯ ಕೆಳಗೆ ಹರಿಯುವ ತೋಡಿನ ಬದಿಯ ಗದ್ದೆಯನ್ನು ಅವರ ಅಪ್ಪನ ಕಾಲದಿಂದ ಚಾಲಗೇಣಿಗೆ ಮಾಡಿಕೊಂಡಿದ್ದರು. ಚಾಲಗೇಣಿ ಎಂದರೆ ವರ್ಷದಿಂದ ವರ್ಷಕ್ಕೆ ಬಾಯಿಮಾತಿನ ಒಪ್ಪಂದ. ಧಣಿ ಏಳು ಎಂದರೆ ಏಳಬೇಕು. ಅದು ಮೂರು ಬೆಳೆಯ ಬೈಲು ಗದ್ದೆ. ಒಮ್ಮೆ ನೆರೆಗೆ ತೋಡು ದಿಕ್ಕು ಬದಲಿಸಿದಾಗ ಅಣ್ಣುವಿನ ಅಪ್ಪ ಕಲ್ಲು ಹೊತ್ತು ಕಟ್ಟಿದ ದಂಡೆಯೇ ಅದನ್ನು ಉಳಿಸಿದ್ದು. ಬೇಸಿಗೆಯಲ್ಲಿ ಅಣ್ಣು ತಾಳೆಮರ ಹತ್ತುತ್ತಿದ್ದರು, ಹೆಂಡತಿ ಮುತ್ತಕ್ಕ ಬೆಲ್ಲ ಕಾಯಿಸುತ್ತಿದ್ದರು. ಅವರು ತಂದುಕೊಟ್ಟ ಬೆಲ್ಲವನ್ನೇ ನಾವು ಅವರಿಗೆ ಕೊಡುತ್ತಿದ್ದೆವು ಎನ್ನುವುದು ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ. ಅವರು ಕೂರುತ್ತಿದ್ದದ್ದು ಕೆಳಗಿನ ಮೆಟ್ಟಿಲಲ್ಲಿ. ಅವರಿಗೆಂದೇ ಒಂದು ತಂಬಿಗೆ ಹೊರಗಿನ ಗೂಡಿನಲ್ಲಿ ಇರುತ್ತಿತ್ತು, ಒಳಗಿನ ಹಿತ್ತಾಳೆ ತಂಬಿಗೆ ಅತಿಥಿಗಳಿಗೆ. ಅವರು ನನ್ನ ಅಜ್ಜನ ವಯಸ್ಸಿನವರಲ್ಲದಿದ್ದರೂ ನನಗಿಂತ ಎಷ್ಟೋ ದೊಡ್ಡವರು. ನಾನು ಆಗ 'ಅವನು' ಎಂದೇ ಹೇಳುತ್ತಿದ್ದೆ. ಯಾರೂ ತಿದ್ದಲಿಲ್ಲ.

ದೊಡ್ಡಮಾವನಿಗೂ ಅವರಿಗೂ ಸಲಿಗೆ ಇತ್ತು. "ಏನು ಅಣ್ಣು, ಬೆಲ್ಲ ಹೊಗೆ ಹೊಗೆ ಹೊಡೆಯುತ್ತದಲ್ಲ? ಮುತ್ತು ಒಲೆಯ ಎದುರು ನಿದ್ದೆ ಮಾಡಿದಳಾ?" ಎಂದು ಮಾವ ಕೇಳಿದರೆ ಅಣ್ಣು, "ಹೊಗೆ ಇಲ್ಲದಿದ್ದರೆ ಪೇಟೆಯಿಂದ ತಂದದ್ದು ಅಂತ ಹೇಳ್ತೀರಿ ಧಣಿ. ನಿಮಗೆ ಹೇಗೆ ಮಾಡಿದರೂ ಕಷ್ಟ ಉಂಟು" ಎನ್ನುತ್ತಿದ್ದರು. ಇಬ್ಬರೂ ನಗುತ್ತಿದ್ದರು. ಆ ನಗೆ ಸುಳ್ಳಾಗಿರಲಿಲ್ಲ. ಇದನ್ನು ನಾನು ಬರೆಯಲೇಬೇಕು, ಯಾಕೆಂದರೆ ಮುಂದೆ ಹೇಳುವುದನ್ನು ಓದಿದವರು ದೊಡ್ಡಮಾವ ಕೆಟ್ಟ ಮನುಷ್ಯ ಎಂದುಕೊಳ್ಳಬಹುದು. ಊರಿಗೆ ಸಿಡುಬು ಬಂದ ವರ್ಷ ಅವರು ರೋಗಿಗಳನ್ನು ನಮ್ಮ ಪಡುಬದಿಯ ಕೊಟ್ಟಿಗೆಯಲ್ಲಿ ಮಲಗಿಸಿ, ಗಂಜಿಯ ಪಾತ್ರೆಯನ್ನು ತಾವೇ ಹೊತ್ತುಕೊಂಡು ಹೋಗಿದ್ದರು. ಮಳೆ ಸುರಿಯುವ ಆಟಿ ತಿಂಗಳಲ್ಲಿ ಗೇಣಿದಾರರ ಮನೆಗಳಲ್ಲಿ ಅಕ್ಕಿ ಮುಗಿದಾಗ ಕಣಜದ ಬಾಗಿಲು ತೆಗೆಸಿ, ಅಳೆಯಬೇಡಿ ಎನ್ನುತ್ತಿದ್ದರು. ಶಾಲೆಗೆ ಜಾಗ ಕೊಟ್ಟವರೂ ಅವರೇ. ಕೇಳಿ ಬಂದವರಿಗೆ ಇಲ್ಲ ಎಂದದ್ದನ್ನು ನಾನು ನೋಡಿಲ್ಲ. ಆದರೆ ಕೇಳಬೇಕಿತ್ತು.

ಅರವತ್ತರ ದಶಕದ ನಡುವಿನ ದಿನಗಳು. ಉಳುವವನನ್ನು ಗದ್ದೆಯಿಂದ ಎಬ್ಬಿಸಲು ಬಿಡದ ಕಾನೂನು ಬಂತು, ಬರುತ್ತದೆ, ಬರುವುದಿಲ್ಲ ಎಂದು ದಿನಕ್ಕೊಂದು ಸುದ್ದಿ. ಚುನಾವಣೆಗೆ ಮುಂಚೆ ಹಳೆಯ ಕ್ರಮ ಉಳಿಯಬೇಕು ಎನ್ನುವ ಪಕ್ಷದವರು ನಮ್ಮ ಚಾವಡಿಗೆ ಬರುತ್ತಿದ್ದರು. ಅವರ ಬಿಳಿ ಪಂಚೆ, ನಶ್ಯದ ಡಬ್ಬಿ, ಅಂಗಳದಲ್ಲಿ ನಿಂತ ಜೀಪು ನನಗೆ ನೆನಪುಂಟು. ದೊಡ್ಡಮಾವ ಅಲ್ಲಿ ಮಾತಾಡುತ್ತಿದ್ದರು. "ಕೊಡುವುದು ನಮ್ಮ ಧರ್ಮ. ಈ ಮನೆಯ ಹಿರಿಯರು ಕೊಟ್ಟಿದ್ದಾರೆ, ನಾನೂ ಕೊಡ್ತೇನೆ. ಆದರೆ ಸರ್ಕಾರ ನನ್ನ ಕೈ ಹಿಡಿದು ಕೊಡಿಸಿದರೆ ಅದು ದಾನವಾ, ದರೋಡೆಯಾ? ನಾಳೆ ಇವರು ಆಟಿಗೆ ಅಕ್ಕಿ ಕೇಳಲಿಕ್ಕೆ ಯಾರ ಹತ್ತಿರ ಹೋಗ್ತಾರೆ, ಡೆಲ್ಲಿಗಾ?" ಅಂಗಳದಲ್ಲಿ ನಿಂತ ಗೇಣಿದಾರರು ತಲೆ ಆಡಿಸುತ್ತಿದ್ದರು. ಅಣ್ಣುವೂ ಆಡಿಸಿದ್ದರು. ಮಾವ ಅದನ್ನು ನಂಬಿಯೇ ಹೇಳುತ್ತಿದ್ದರು. ಹಾಗೆ ನಂಬಿಕೊಂಡೇ ತೋಡಿನ ಬದಿಯ ಗದ್ದೆಯನ್ನು ಸ್ವಂತ ಸಾಗುವಳಿಗೆ ಹಿಂದೆ ತೆಗೆದುಕೊಳ್ಳಲು ನಿಶ್ಚಯಿಸಿದ್ದರು. ಕಾನೂನು ಕಚ್ಚುವ ಮೊದಲು ಒಳ್ಳೆಯ ಗದ್ದೆಯಾದರೂ ಉಳಿಯಲಿ ಎಂದು. "ಅಣ್ಣುವಿಗೆ ಬೇರೆ ಕಡೆ ಏನಾದರೂ ಕೊಡುವ" ಎಂದರು. ಎಲ್ಲಿ ಎಂದು ಹೇಳಲಿಲ್ಲ.

ಒಂದು ಮಧ್ಯಾಹ್ನ ಮುತ್ತಕ್ಕ ಹಿಂಬಾಗಿಲಿಗೆ ಬಂದರು. ನಾನು ಅಜ್ಜಿಯ ಪಕ್ಕದಲ್ಲಿ ಹಲಸಿನ ಬೀಜ ಸುಲಿಯುತ್ತಿದ್ದೆ. "ಅಮ್ಮ, ನಮ್ಮನ್ನು ಗದ್ದೆಯಿಂದ ಎಬ್ಬಿಸಬಾರದು ಅಂತ ನಾವು ಸರ್ಕಾರಕ್ಕೆ ಅರ್ಜಿ ಕೊಟ್ಟಿದ್ದೇವೆ" ಎಂದು ನಿಂತಲ್ಲೇ ಹೇಳಿದರು. "ನಿಮಗೆ ಹೇಳದೆ ಕೊಡಬಾರದಿತ್ತು." ಅಜ್ಜಿ, "ಈಗ ಹೇಳಿದೆಯಲ್ಲ, ಕೂತುಕೋ" ಎಂದರು. ಮುತ್ತಕ್ಕ ಕೂರಲಿಲ್ಲ. ವಿಚಾರಣೆಗೆ ಅಧಿಕಾರಿ ಬರುತ್ತಾರಂತೆ, ನಮ್ಮ ಚಾವಡಿಯಲ್ಲೇ ಕೇಳುತ್ತಾರಂತೆ. "ನನಗೆ ಹೆದರಿಕೆ ಅಧಿಕಾರಿಯದ್ದಲ್ಲ ಅಮ್ಮ. ಇವರಿಗೆ ಈ ಮೆಟ್ಟಿಲಿಗೆ ಬಂದರೆ ಬಾಯಿಯೇ ಇಲ್ಲ. ನಿಮ್ಮ ಬೆಲ್ಲ ತಿಂದ ನಾಲಗೆ ನಿಮ್ಮ ಮನೆಗೆ ಎದುರು ಮಾತಾಡುವುದುಂಟಾ?" ಮುತ್ತಕ್ಕ ಹೋದ ಮೇಲೂ ಬಹಳ ಹೊತ್ತು ಅಜ್ಜಿ ಒಂದೇ ಬೀಜವನ್ನು ಉಗುರಿನಿಂದ ಕೆರೆಯುತ್ತಿದ್ದರು.

ಅಧಿಕಾರಿ ಬಂದ ದಿನ ಚಾವಡಿಯಲ್ಲಿ ಚಾಪೆ ಹಾಸಿತ್ತು. ಅವರಿಗೆ ಬೆಲ್ಲ ನೀರು ನಾನೇ ಕೊಟ್ಟೆ. ಆಮೇಲೆ ಅಣ್ಣು ಬಂದು ಕೆಳಗಿನ ಮೆಟ್ಟಿಲಲ್ಲಿ ಕೂತರು. ತೊಳೆದ ಅಂಗಿ, ಹೆಗಲ ಮೇಲೆ ಬೈರಾಸು. "ಅಣ್ಣುವಿಗೆ ಬೆಲ್ಲ ತನ್ನಿ" ಎಂದು ದೊಡ್ಡಮಾವ ಒಳಗೆ ಕೂಗಿದರು. ಆ ದನಿಯಲ್ಲಿ ಕಪಟ ಇತ್ತೋ, ಬರೀ ಅಭ್ಯಾಸವೋ, ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಬೆಲ್ಲ ಒಡೆದು ಎಲೆಯಲ್ಲಿ ಇಟ್ಟಾಗಿತ್ತು. ಅಜ್ಜಿ ನನ್ನ ಮುಂಗೈ ಹಿಡಿದರು. "ಅದನ್ನು ಇಲ್ಲೇ ಇಡು. ಇವತ್ತು ಅವನ ಬಾಯಿ ಖಾಲಿ ಇರಲಿ" ಎಂದರು. ಮತ್ತೆ ಹೊರಗಿನ ಗೂಡಿನ ತಂಬಿಗೆಯ ಕಡೆ ಹೋಗದೆ ಒಳಗಿನ ಹಿತ್ತಾಳೆ ತಂಬಿಗೆಯನ್ನು ತೆಗೆದು, ನೀರು ತುಂಬಿಸಿ, ಸೆರಗಿನಿಂದ ಒರೆಸಿ, ತಾವೇ ಚಾವಡಿ ದಾಟಿ ಮೆಟ್ಟಿಲಿಗೆ ಒಯ್ದರು. ಪರ ಗಂಡಸರು ಕೂತಿರುವಾಗ ಅಜ್ಜಿ ಚಾವಡಿ ದಾಟಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅವರ ಲೆಕ್ಕದಲ್ಲಿ ಅಷ್ಟು ಸಾಕಿತ್ತು. ಯಾರ ತಂಬಿಗೆ ಎಂದು ಅಣ್ಣು ನೋಡುತ್ತಾರೆ, ತಿಳಿದುಕೊಳ್ಳುತ್ತಾರೆ ಎಂದುಕೊಂಡಿದ್ದರು.

ಅಣ್ಣು ತಂಬಿಗೆಯನ್ನು ನೋಡಲಿಲ್ಲ. ಅಜ್ಜಿಯ ಇನ್ನೊಂದು ಕೈಯನ್ನು ನೋಡಿದರು. ಅದರಲ್ಲಿ ಏನೂ ಇರಲಿಲ್ಲ. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಅವರ ಮುಖ ಸಿಟ್ಟಾಗಲಿಲ್ಲ, ಜನಜಂಗುಳಿಯಲ್ಲಿ ಕೈ ತಪ್ಪಿದ ಮಗುವಿನ ಮುಖದ ಹಾಗೆ ಆಯಿತು. ನೀರನ್ನು ಎತ್ತಿ ಕುಡಿದರು. ತಂಬಿಗೆಯ ಅಂಚನ್ನು ಬೈರಾಸಿನಿಂದ ಒರೆಸಿ ಮೆಟ್ಟಿಲ ಮೇಲೆ ಕವುಚಿ ಇಟ್ಟರು.

ಅಧಿಕಾರಿ ಕನ್ನಡದಲ್ಲಿ ಕೇಳಿದರು. ತುಳು ಬಿಟ್ಟರೆ ಅಣ್ಣುವಿಗೆ ಬೇರೆ ಭಾಷೆ ಸರಾಗ ಇರಲಿಲ್ಲ, ಒಂದೊಂದೇ ಮಾತು ಹುಡುಕಿ ಹೇಳಿದರು. "ಗದ್ದೆ ನನ್ನದಲ್ಲ ಸ್ವಾಮಿ. ಧಣಿಗಳದ್ದು."

"ಗದ್ದೆ ಯಾರದು ಅಂತ ಕೇಳಲಿಲ್ಲ. ಬೇಸಾಯ ಯಾರದು?"

"ಅದೂ ಧಣಿಗಳದ್ದೇ. ನಾನು ಕೂಲಿಗೆ ಬರುವವ."

"ಮತ್ತೆ ಅರ್ಜಿ ಕೊಟ್ಟದ್ದು ನೀನೇ ಅಲ್ಲವಾ? ಹೆದರಬೇಡ, ಸರಿಯಾಗಿ ಹೇಳು."

"ಹೆದರಿಕೆ ಏನಿಲ್ಲ. ಬುದ್ಧಿ ಕೆಟ್ಟಿತ್ತು ಸ್ವಾಮಿ." ಅಣ್ಣು ಎದ್ದು ನಿಂತರು. "ಈ ಮನೆಗೇ ನಾನು ಬೇಡದಿದ್ದರೆ, ಗದ್ದೆ ಇಟ್ಟುಕೊಂಡು ನಾನೇನು ಮಾಡಲಿ?"

ಆ ಕೊನೆಯ ಮಾತು ತುಳುವಿನಲ್ಲಿತ್ತು. ಅಧಿಕಾರಿಗೆ ಅರ್ಥವಾಗಲಿಲ್ಲ. ದೊಡ್ಡಮಾವ ಅದನ್ನು ಬೇರೆಯೇ ಅರ್ಥದಲ್ಲಿ ಕೇಳಿಸಿಕೊಂಡರು. ಅವರ ಕಣ್ಣು ಒದ್ದೆಯಾಗಿತ್ತು. ಅಣ್ಣು ಅಂಗಳ ದಾಟಿ ಹೋದ ಮೇಲೆ, "ನೋಡಿದಿರಾ? ಇದು ನಮ್ಮ ಊರು" ಎಂದರು. ಒಳಗೆ ಅಜ್ಜಿ ಒಲೆಯ ಎದುರು ಕೂತಿದ್ದರು. ಬಾಳೆಲೆಯ ಮೇಲಿನ ಬೆಲ್ಲಕ್ಕೆ ಆಗಲೇ ಇರುವೆ ಬಂದಿತ್ತು.

ಅಜ್ಜಿ ಮುತ್ತಕ್ಕನಿಗೆ ಹೇಳಿ ಕಳಿಸಿದರು, ಒಮ್ಮೆ ಹಿಂಬಾಗಿಲಿಗೆ ಬಂದು ಹೋಗಲಿ ಎಂದು. ಮುತ್ತಕ್ಕ ಬರಲಿಲ್ಲ. ಎರಡನೆಯ ಸಲ ಹೇಳಿ ಕಳಿಸುವಾಗ ಆ ಗುಡಿಸಲಿನಲ್ಲಿ ಯಾರೂ ಇರಲಿಲ್ಲ. ಮುತ್ತಕ್ಕನ ಅಣ್ಣನ ಊರಾದ ಕಕ್ಕಿಂಜೆಗೆ ಹೋಗಿದ್ದರು. ಅಣ್ಣು ಚಾರ್ಮಾಡಿ ಘಾಟಿಯ ಕೆಳಗೆ ಲಾರಿಗೆ ಮರ ತುಂಬಿಸುವ ಕೆಲಸಕ್ಕೆ ಸೇರಿದರಂತೆ ಎಂದು ಕೇಳಿದೆವು. ದೊಡ್ಡಮಾವ ಒಮ್ಮೆ ಆಟಿಯಲ್ಲಿ ಅಕ್ಕಿಮುಡಿ ಕಳಿಸಿದರು. ಅದು ಬಿಚ್ಚದೆ ವಾಪಸು ಬಂತು. ಮಾವನಿಗೆ ಬೇಸರವಾಯಿತು, ಆದರೆ ಕತೆ ನಿಲ್ಲಲಿಲ್ಲ. ವಿಟ್ಲದ ತನಕ, ಅಳದಂಗಡಿಯ ತನಕ, ಭಾಷಣಕ್ಕೆ ನಿಂತಲ್ಲೆಲ್ಲ ಅವರು ಅಣ್ಣುವಿನ ಕತೆ ಹೇಳಿದರು: ಕಾನೂನು ಮನೆಬಾಗಿಲಿಗೆ ಬಂದು ಕೊಡುತ್ತೇನೆ ಎಂದರೂ ಧಣಿಯ ಮೇಲಿನ ಪ್ರೀತಿಯಿಂದ ಬೇಡ ಎಂದ ಬಡವನ ಕತೆ. ಜನ ಚಪ್ಪಾಳೆ ತಟ್ಟುತ್ತಿದ್ದರು. ನಮ್ಮದೇ ಚಾವಡಿಯಲ್ಲಿ ಅದನ್ನು ಹೇಳಿದ ಒಂದು ಸಂಜೆ ಅಜ್ಜಿ ಒಳಗಿನಿಂದ, "ಅವನಿಗೆ ಅವತ್ತು ನಾನು ಬೆಲ್ಲ ಕೊಟ್ಟಿರಲಿಲ್ಲ" ಎಂದು ಕೇಳುವಷ್ಟು ಗಟ್ಟಿಯಾಗಿ ಹೇಳಿದರು. ಮಾವ ತಿರುಗಿ, "ಬೆಲ್ಲ ಮುಗಿದಿತ್ತಾ ಅಮ್ಮ?" ಎಂದು ಕೇಳಿದರು. ಅಜ್ಜಿ ಮತ್ತೆ ಆ ವಿಷಯ ಎತ್ತಲಿಲ್ಲ.

ಮುಂದಿನ ದಶಕದಲ್ಲಿ ಇನ್ನೂ ಬಿಗಿಯಾದ ಕಾನೂನು ಬಂದಾಗ ನಮ್ಮ ಉಳಿದ ಗೇಣಿದಾರರಿಗೆಲ್ಲ ಅವರವರ ಗದ್ದೆ ಸಿಕ್ಕಿತು. ಬೇಸಾಯ ನನ್ನದಲ್ಲ ಎಂದು ಬಾಯಾರೆ ಹೇಳಿ ಊರು ಬಿಟ್ಟವರು ಅಣ್ಣು ಒಬ್ಬರೇ. ಸಿಗದೆ ಹೋದದ್ದೂ ಅವರೊಬ್ಬರಿಗೇ. ದೊಡ್ಡಮಾವನ ಕೊನೆಯ ವರ್ಷಗಳಲ್ಲಿ ಕಣಜ ಖಾಲಿ ಇತ್ತು, ಕೇಳಿಕೊಂಡು ಬರುವವರೂ ಇರಲಿಲ್ಲ. ಅವರಿಗೆ ಹೆಚ್ಚು ನೋವು ಕೊಟ್ಟದ್ದು ಎರಡನೆಯದು. ಪಾಲಾದ ಮೇಲೆ ಮನೆಯನ್ನು ಕಳಚಿ ಮರಮಟ್ಟು ಮಾರಿದರು. ನನ್ನ ತಾಯಿಯ ಪಾಲಿಗೆ ಪಾತ್ರೆಗಳು ಬಂದವು.

ಕಳೆದ ವಾರ ಒಂದು ಮದುವೆಗೆಂದು ಆ ಕಡೆ ಹೋದವಳು ಕಕ್ಕಿಂಜೆಯಲ್ಲಿ ಬಸ್ಸಿಳಿದು ಕೇಳಿಕೊಂಡು ಹೋದೆ. ಅಣ್ಣು ತೀರಿಕೊಂಡು ಎಷ್ಟೋ ಕಾಲವಾಗಿದೆ. ಮುತ್ತಕ್ಕ ಹಣ್ಣು ಮುದುಕಿ, ಕಣ್ಣು ಮಂಜು. ಯಾವ ಮನೆಯವಳು ಎಂದು ಹೇಳುವ ಮೊದಲೇ ಬೆಲ್ಲ ನೀರು ತಂದಿಟ್ಟರು. "ನಾವು ಮಾಡಿದ್ದಲ್ಲ ಮಗಾ, ಅಂಗಡಿಯದ್ದು" ಎಂದರು. ನಾನು ಯಾರೆಂದು ಹೇಳಿದ ಮೇಲೆ ಗಂಡನ ಮಾತು ಎತ್ತಿ ಕೇಳಿದರು. "ಈ ಊರಿಗೆ ಬಂದ ಮೇಲೆ ಇವರು ಬಂದವರಿಗೆಲ್ಲ ಬೆಲ್ಲ ಕೊಡುತ್ತಿದ್ದರು, ತಾವು ಮಾತ್ರ ಮುಟ್ಟುತ್ತಿರಲಿಲ್ಲ. ಅಮ್ಮ ಅವತ್ತು ಯಾಕೆ ಹಾಗೆ ಮಾಡಿದರು? ನೀನು ಒಳಗೆ ಇದ್ದಿಯಲ್ಲ."

ನಾನು ಹೇಳಿದೆ. ಅಜ್ಜಿ ನನ್ನ ಕೈ ಹಿಡಿದದ್ದು, ಬಾಯಿ ಖಾಲಿ ಇರಲಿ ಎಂದದ್ದು, ಒಳಗಿನ ತಂಬಿಗೆ.

"ಬೆಲ್ಲ ತಿಂದ ನಾಲಗೆ ಅಂತ ಹೇಳಿದ್ದು ನಾನಲ್ಲವಾ" ಎಂದರು ಮುತ್ತಕ್ಕ. ಆಮೇಲೆ, "ಅದೊಂದು ಮಾತಿಗೆ ಹೇಳಿದ್ದು ಮಗಾ. ಅಮ್ಮ ಅದನ್ನು ಹಾಗೆಯೇ ತೆಗೆದುಕೊಂಡರಲ್ಲ" ಎಂದರು.

ಅಂಗಳದಲ್ಲಿ ಮೊಮ್ಮಗನ ಬೈಕು ಬಂದು ನಿಂತಿತು. ಅವರು ಕೈಯಿಂದ ತಡವಿ ನನ್ನ ಎದುರಿನ ಎಲೆಯನ್ನು ಮುಟ್ಟಿ ನೋಡಿದರು. ಬೆಲ್ಲ ಹಾಗೆಯೇ ಇತ್ತು. ನಾನು ನೀರು ಮಾತ್ರ ಕುಡಿದಿದ್ದೆ.

"ತಿನ್ನು" ಎಂದರು. "ಮಾತು ಮುಗಿಯಿತಲ್ಲ."

ತಿಂದೆ. ಹೊರಡುವಾಗ ಮೊಮ್ಮಗನಿಂದ ಒಂದು ಕಟ್ಟು ತರಿಸಿ ನನ್ನ ಚೀಲಕ್ಕೆ ತಾವೇ ಹಾಕಿದರು. ಅದು ಈಗ ನನ್ನ ಅಡುಗೆಮನೆಯ ಹಲಗೆಯ ಮೇಲೆ ಉಂಟು, ಅದರ ಪಕ್ಕದಲ್ಲಿ ಅಜ್ಜಿಯ ಹಿತ್ತಾಳೆ ತಂಬಿಗೆ. ಬೇರೆ ಪಾತ್ರೆಗಳನ್ನೆಲ್ಲ ತೊಳೆದು ಕವುಚಿ ಇಡುತ್ತೇನೆ. ಅಣ್ಣು ಅವತ್ತು ಮೆಟ್ಟಿಲಲ್ಲಿ ಕವುಚಿ ಇಟ್ಟ ಅದೊಂದನ್ನು ಮಾತ್ರ ಕವುಚುವುದಿಲ್ಲ.